ಹತ್ತೊಂಬತ್ತು ಸುಳ್ಳು ಬಿರುಗಾಳಿ

ಸುಜಿತಜ್ಜನಿಗೆ ನೆನಪು ಹೋಗಿದೆ ಎಂದು ನಿನ್ನೆ ಊರಿನ ಗುಂಪಿನಲ್ಲಿ ಯಾರು ಹಾಕಿದರೋ ಅವರು ಮೊದಲು ಸರಿಯಾಗಿ ಕುಳಿತು ಕೇಳಿ. ನನಗೆ ಎಪ್ಪತ್ತಾರಾಯಿತು, ಒಪ್ಪಿದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ, ಅದನ್ನೂ ಒಪ್ಪಿದೆ. ಆದರೆ ಕನ್ನಡಕ ಮರೆಯುವುದು ಬೇರೆ, ಕಣ್ಣಾರೆ ಕಂಡದ್ದನ್ನು ಮರೆಯುವುದು ಬೇರೆ. ನಿಮ್ಮಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ. ಹುಟ್ಟಿದ್ದ ಇನ್ನರ್ಧ ಜನ ಚಡ್ಡಿ ಹಾಕಿರಲಿಲ್ಲ. ಗುಮ್ಮ ಎಂಬ ಯಂತ್ರ ಕೆಟ್ಟುಹೋಗಿ ಹಕ್ಕಿಗಳು ಸತ್ತವು ಎಂದು ಬರೆದ ಸರ್ಕಾರದ ವರದಿಯನ್ನು ತಂದು ನನಗೇ ಓದಿ ಹೇಳುತ್ತೀರಿ. ಆ ವರದಿ ಬರೆದವರು ಹೊಸಕೋಡಿಯಲ್ಲಿ ಇದ್ದದ್ದು ಒಂದೇ ದಿನ. ಅದರಲ್ಲೂ ಅರ್ಧ ದಿನ ಊಟ ಯಾವಾಗ ಎಂದು ಕೇಳುತ್ತಿದ್ದರು. ಗುಮ್ಮ ಒಂದು ದಿನವೂ ಕೆಟ್ಟಿರಲಿಲ್ಲ. ಅದರ ಗುಂಡಿ ಒತ್ತುತ್ತಿದ್ದವನು ನಾನು.

ಒಂದೇ ಉಸಿರಿಗೆ ಹೇಳಲು ಈಗ ಉಸಿರಿಲ್ಲ. ಫೋನಿನಲ್ಲಿ ಮಾತನಾಡಿ ತುಂಡು ತುಂಡಾಗಿ ಗುಂಪಿಗೆ ಕಳಿಸುತ್ತೇನೆ. ಸಾಲಾಗಿ ಕೇಳಿ. ಕೊನೆಯದನ್ನು ಮೊದಲು ಕೇಳಿ ಅಜ್ಜ ಎಂತದೋ ಬಡಬಡಿಸುತ್ತಾನೆ ಎನ್ನಬೇಡಿ.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಹಳೆಯ ಕೋಡಿಯನ್ನು ಕಡಲು ತಿಂದು, ನಾವೆಲ್ಲ ಅಳಿವೆಯ ಈಚೆಗೆ ಹೊಸಕೋಡಿ ಕಟ್ಟಿಕೊಂಡು ಹತ್ತು ವರ್ಷವಾಗಿತ್ತು. ನನ್ನ ಅಜ್ಜಿಯ ಕಾಲದಲ್ಲಿ ನಮ್ಮ ಕಡಲಿಗೆ ದೊಡ್ಡ ಬಿರುಗಾಳಿ ಬಂದರೆ ಅದು ಹತ್ತು ವರ್ಷದ ಮಾತು. ನಮ್ಮ ಕಾಲಕ್ಕೆ ವರ್ಷಕ್ಕೆ ನಾಲ್ಕು ಬರುತ್ತಿದ್ದವು. ಮೊದಲೆಲ್ಲ ಒಂದು ಗಾಳಿ ಕಟ್ಟಿಕೊಳ್ಳಲು ಐದು ದಿನ ಬೇಕಿತ್ತು. ಈಗ ಒಂದೂವರೆ ದಿನ ಸಾಕು. ಮನುಷ್ಯರು ಹೇಗೋ ತಪ್ಪಿಸಿಕೊಳ್ಳುತ್ತಿದ್ದೆವು. ಫೋನು ಕಿರುಚುತ್ತಿತ್ತು, ದೋಣಿ ಮೇಲಕ್ಕೆ ಎಳೆಯುತ್ತಿದ್ದೆವು. ತಪ್ಪಿಸಿಕೊಳ್ಳಲಾಗದೆ ಸಾಯುತ್ತಿದ್ದದ್ದು ಬೂದಕ್ಕಿ.

ಬೂದಕ್ಕಿ ಎಂದರೆ ಗೊತ್ತಲ್ಲ, ಪುಸ್ತಕದಲ್ಲಿ ಅದಕ್ಕೆ ಗ್ರೇಟ್ ನಾಟ್ ಎನ್ನುತ್ತಾರೆ. ಪಾರಿವಾಳಕ್ಕಿಂತ ಚಿಕ್ಕದು. ಚಳಿಗಾಲವಿಡೀ ಬೂದಿಯ ಬಣ್ಣ, ಏಪ್ರಿಲ್ ಬಂದರೆ ಎದೆಯ ಮೇಲೆ ಕಪ್ಪು ಚುಕ್ಕಿ. ಸೈಬೀರಿಯಾದಲ್ಲಿ ಮೊಟ್ಟೆ ಇಟ್ಟು ಅಕ್ಟೋಬರಿನಲ್ಲಿ ನಮ್ಮ ಅಳಿವೆಯ ಕೆಸರಿಗೆ ಬಂದು ಚಿಪ್ಪುಮೀನನ್ನು ಚಿಪ್ಪಿನ ಸಮೇತ ನುಂಗುತ್ತದೆ. ಅದರ ಹೊಟ್ಟೆಯೇ ಅರೆಯುವ ಕಲ್ಲು. ಮೇ ತಿಂಗಳಲ್ಲಿ ಹೊರಡುವ ಮೊದಲು ತಿಂದು ತಿಂದು ಮೈತೂಕ ಎರಡು ಪಟ್ಟು ಮಾಡಿಕೊಳ್ಳುತ್ತದೆ. ಆಮೇಲೆ ಹಾರುವಾಗ ಭಾರವಾಗಬಾರದೆಂದು ಆ ಅರೆಯುವ ಹೊಟ್ಟೆಯನ್ನೇ ಕುಗ್ಗಿಸಿಕೊಳ್ಳುತ್ತದೆ. ನಾವು ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಂಡು ಒಲೆಯನ್ನೇ ಒಡೆದು ಹೊರಟ ಹಾಗೆ. ಒಡೆದ ಮೇಲೆ ಬಹಳ ದಿನ ಕಾಯಲಾಗದು. ಇಡೀ ಕರಾವಳಿಯಲ್ಲಿ ಅವು ಉಳಿದಿದ್ದದ್ದು ನಮ್ಮ ಅಳಿವೆಯಲ್ಲಿ ಮಾತ್ರ, ಮುನ್ನೂರ ಹನ್ನೆರಡು. ಉಳಿದವೆಲ್ಲ ಹಿಂದಿನ ವರ್ಷಗಳ ಗಾಳಿಗೆ ಕಡಲಿನ ಮೇಲೆ ಸತ್ತಿದ್ದವು.

ಅದಕ್ಕೇ ಗುಮ್ಮ ಬಂದದ್ದು. ಅಳಿವೆಯಿಂದ ನಾಲ್ಕು ಕಿಲೋಮೀಟರ್ ದೂರ, ಕಡಲಿನಲ್ಲಿ ಮೂರು ಕಂಬ ನೆಟ್ಟರು. ತೆಂಗಿನ ಮರದಷ್ಟು ಎತ್ತರದ ಉಕ್ಕಿನ ಕೊಳವೆ, ಒಳಗೆ ಬಾಗಿಲಿನಷ್ಟು ದೊಡ್ಡ ಚರ್ಮದಂಥ ಒಂದು ಪೊರೆ. ಅದು ಅಲುಗಿದರೆ ಸದ್ದು ಬರುತ್ತದೆ, ಆದರೆ ನಮಗೆ ಕೇಳುವುದಿಲ್ಲ. ಅಷ್ಟು ತಗ್ಗು. ದೊಡ್ಡ ಬಿರುಗಾಳಿ ದೂರದಲ್ಲಿ ಏಳುವಾಗ ಅಂಥದೇ ಸದ್ದು ಹೊರಡುತ್ತದಂತೆ. ಹಕ್ಕಿಗಳ ಕಿವಿಗೆ ಅದು ಬೀಳುತ್ತದೆ, ಅವು ಹೊರಡದೆ ನಿಲ್ಲುತ್ತವೆ. ಆದರೆ ಗಾಳಿ ಇಷ್ಟು ಬೇಗ ಕಟ್ಟತೊಡಗಿದ ಮೇಲೆ ಆ ಸದ್ದು ಬರುವಷ್ಟರಲ್ಲಿ ಹಕ್ಕಿ ಕಡಲಿನ ನಡುವೆ ಇರುತ್ತಿತ್ತು. ಉಪಗ್ರಹ ನೋಡಿ ಒಂದು ದಿನ ಮೊದಲೇ ಅದೇ ಸದ್ದನ್ನು ನಾವು ಮಾಡಿದರೆ ಹೇಗೆ? ಅಷ್ಟೇ ಉಪಾಯ. ಯೋಚಿಸಿದವರು ಡಾಕ್ಟರ್ ಮುಬೀನಾ, ಭಟ್ಕಳದವರು. ಗುಂಡಿ ಒತ್ತಲು, ಕಂಬಕ್ಕೆ ದೋಣಿ ಕಟ್ಟಿ ಗ್ರೀಸು ಹಾಕಲು ನಾನು. ಕಲ್ಲುಗುಡ್ಡೆಯ ಮೇಲೆ ಅರವತ್ತೆರಡು ಮೆಟ್ಟಿಲಿನ ಗೋಪುರ, ಮೇಲೆ ಕ್ಯಾಮೆರಾ, ರಾಡಾರುಗಳ ಪರದೆಗಳಿದ್ದ ಕೋಣೆ, ಎರಡು ಕುರ್ಚಿ. ಒಂದರ ಕಾಲು ಮುರಿದಿತ್ತು. ಅದು ನನ್ನದು.

ಗುಮ್ಮ ಮೊದಲ ಸಲ ಕೂಗಿದ ದಿನ ಆ ಕೋಣೆಯಲ್ಲಿ ನಾವಿಬ್ಬರೂ ಪರದೆ ನೋಡುತ್ತಿದ್ದೆವು. ಅಕ್ಟೋಬರ್, ಲಕ್ಷದ್ವೀಪದ ಆಚೆ ನಿಜವಾದ ಗಾಳಿ ಏಳುತ್ತಿತ್ತು. ಗುಂಡಿ ಒತ್ತಿ ಮೂರು ನಿಮಿಷವಾಗಿರಲಿಲ್ಲ, ಕೆಸರಿನ ಮೇಲಿದ್ದ ಮುನ್ನೂರು ಹಕ್ಕಿ ಒಂದೇ ಬಟ್ಟೆ ಕೊಡವಿದಂತೆ ಎದ್ದವು. ಎದ್ದು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಪೊದೆಗಳ ಹಿಂದೆ ಹೊಳೆಯ ನಡುವಿನ ದಿಬ್ಬ, ನಮ್ಮ ಕುದ್ರು, ಅಲ್ಲಿಗೆ ಹೋಗಿ ಇಳಿದವು. ಎರಡು ದಿನ ಅಲ್ಲಿಂದ ಕದಲಲಿಲ್ಲ. ಗಾಳಿ ಬಂತು, ಹೋಯಿತು. ಒಂದೂ ಸಾಯಲಿಲ್ಲ. ಮುಬೀನಾ ಮೇಡಂ ಯಾವತ್ತೂ ಹೆಚ್ಚು ಮಾತನಾಡಿದವರಲ್ಲ. ಅವತ್ತು ತಮ್ಮ ಬುತ್ತಿಯ ಬಿರಿಯಾನಿಯನ್ನು ಪೂರ್ತಿ ನನಗೇ ಕೊಟ್ಟರು.

ಅದೇ ಗುಮ್ಮನ ಸದ್ದು ಗಂಜಿಗೂ ಗೊತ್ತಾಗುತ್ತಿತ್ತು. ನಮ್ಮ ಮನೆ ಗುಡ್ಡೆಯ ಬುಡದಲ್ಲಿ. ಗುಮ್ಮ ಕೂಗಿದರೆ ನನ್ನ ಹೆಂಡತಿ ಅನ್ವಿತಾ ಬಡಿಸಿಟ್ಟ ಗಂಜಿಯ ಮೇಲೆ ಸಣ್ಣ ಸಣ್ಣ ಸುತ್ತು ಏಳುತ್ತಿದ್ದವು. ಕೋಳಿಗಳು ಕೊಕ್ ಎನ್ನುವುದನ್ನು ನಿಲ್ಲಿಸುತ್ತಿದ್ದವು. ಅವಳು ಇಳಿತದ ಹೊತ್ತಿಗೆ ಕೆಸರಿಗೆ ಹೋಗಿ ಚಿಪ್ಪು ಹೆಕ್ಕುವವಳು. ಬೂದಕ್ಕಿಗಳ ನಡುವೆಯೇ ಅವಳ ಕೆಲಸ. ಅವಕ್ಕೂ ಅವಳಿಗೂ ಅದೇ ಚಿಪ್ಪು ಬೇಕು, ಆದರೂ ಜಗಳವಿರಲಿಲ್ಲ. ಅವು ಚಿಕ್ಕದನ್ನು ತಿನ್ನುತ್ತಿದ್ದವು, ಇವಳು ದೊಡ್ಡದನ್ನು ಹೆಕ್ಕುತ್ತಿದ್ದಳು.

ಈಗ ನನ್ನ ಮಾವನ ವಿಷಯ. ಉದಯ ಗುರಿಕಾರರು, ಅನ್ವಿತಾಳ ಅಪ್ಪ, ಊರಿನ ಕೈರಂಪಣಿಯ ಯಜಮಾನರು. ಕೈರಂಪಣಿ ಈಗಿನವರಿಗೆ ಗೊತ್ತಿಲ್ಲ. ಒಂದು ದೋಣಿ ಅರ್ಧ ಕಿಲೋಮೀಟರ್ ಉದ್ದದ ಬಲೆಯನ್ನು ಕಡಲಿನಲ್ಲಿ ಬಿಲ್ಲಿನ ಹಾಗೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗ ದಡದಲ್ಲಿ. ಎರಡು ಸಾಲು ಜನ ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆಯುತ್ತಾರೆ. ಅವಸರ ಮಾಡಿದರೆ ಮೀನು ಬೆದರಿ ಬಲೆ ಹಾರುತ್ತದೆ. ನಿಧಾನ ಮಾಡಿದರೆ ಅಡಿಯಿಂದ ನುಸುಳುತ್ತದೆ. ಅದಕ್ಕೊಂದು ಹದವಿದೆ. ರಂಪಣಿಗೆ ನೂರು ಜನ ಬೇಕು. ಎಂಬತ್ತಿದ್ದರೂ ಎಳೆಯಬಹುದು. ಅರವತ್ತಾದರೆ ಬಲೆಯೇ ನಮ್ಮನ್ನು ಎಳೆಯುತ್ತದೆ. ಆ ವರ್ಷ ನಾವು ಎಪ್ಪತ್ತೊಂದು ಜನವಿದ್ದೆವು. ಹೊರಗೆ ದೊಡ್ಡ ಬೋಟುಗಳು ದೀಪ ಹಾಕಿ ಮೀನನ್ನೆಲ್ಲ ಬಾಚುತ್ತಿದ್ದವು, ನಮ್ಮ ಬಲೆಗೆ ಬರುತ್ತಿದ್ದದ್ದು ತಿನ್ನಲಾಗದ ಲೋಳೆಯಂಥ ಅಂಬಲಿ ಮೀನು ಮತ್ತು ಪ್ಲಾಸ್ಟಿಕ್ಕು. ಇನ್ನೊಂದು ವರ್ಷ ಹೀಗೇ ಆದರೆ ಬಲೆ ಸುತ್ತಿ ಅಟ್ಟಕ್ಕೆ ಹಾಕುವುದೇ ಎಂದು ಮಾವ ನನ್ನ ಹೆಂಡತಿಯ ಮುಂದೆ ಹೇಳಿ ಕಣ್ಣು ಒರೆಸಿಕೊಂಡಿದ್ದರಂತೆ. ನನ್ನ ಮುಂದೆ ಒರೆಸಿಕೊಳ್ಳುವ ಗಂಡಸಲ್ಲ.

ಅಕ್ಟೋಬರಿನ ಆ ಗಾಳಿ ಹೋದ ಮರುದಿನ ಬಂಗುಡೆ ದಡಕ್ಕೆ ಬಂದು ಕುಣಿಯುತ್ತಿತ್ತು. ಎಂಟು ವರ್ಷದಲ್ಲಿ ಕಾಣದ ಮೀನು. ಉಳಿದವರು ದೇವರು ಕೊಟ್ಟ ಎಂದರು. ಮಾವ ದೇವರಿಗೆ ಕೈಮುಗಿದು, ಆಮೇಲೆ ಕಡಲಿನಲ್ಲಿದ್ದ ಮೂರು ಕಂಬವನ್ನು ನೋಡಿದರು. ಮೀನಿಗೂ ಕಿವಿಯುಂಟು, ಗುಮ್ಮನಿಗೆ ಬೆದರಿ ದಡದ ಕಡೆ ಓಡಿ ಬಂದಿದೆ ಎಂದು ಒಂದೇ ಸಲಕ್ಕೆ ತಿಳಿದುಕೊಂಡರು. ಆ ತಲೆ ನಮ್ಮ ಯಾವ ವಿಜ್ಞಾನಿಗೂ ಇರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಅರವತ್ತೆರಡು ಮೆಟ್ಟಿಲು ಹತ್ತಿ ಬಂದರು. ಮುಬೀನಾ ಮೇಡಂ ವಾರಕ್ಕೆ ಎರಡೇ ದಿನ ಬರುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಮುರಿದ ಕುರ್ಚಿಯಲ್ಲೇ ಕುಳಿತು ಮಂಡಿ ಒತ್ತಿಕೊಳ್ಳುತ್ತ ಹವೆಯ ಮಾತು, ಮೊಮ್ಮಗಳ ಹಲ್ಲಿನ ಮಾತು ಎಲ್ಲ ಆಡಿ ಮುಗಿಸಿದರು.

"ಅಳಿಯ, ನಿನ್ನ ಆ ಗುಮ್ಮ ಇತ್ತಲ್ದಾ, ಅದ್ನ ಬೆಳಿಗ್ಗೆ ಒಂದ್ ತಾಸ್ ಕೂಗ್ಸುಕೆ ಆತ್ತಾ? ನಮ್ಗೆ ಗಾಳಿ ಬ್ಯಾಡ. ಸದ್ದ್ ಸಾಕ್."

ಅದು ಹಕ್ಕಿಗೆ ಮಾಡಿದ್ದು, ಮೀನಿಗಲ್ಲ ಎಂದೆ.

"ಹಕ್ಕಿ ಮೇ ತಿಂಗ್ಳಲ್ಲಿ ಹೋಪುದ್. ಈಗ ಕೂಗ್ರೆ ಅವಕ್ಕ್ ಎಂತ ಆತ್ತ್? ಯಾರಿಗೂ ಕೇಂತಿಲ್ಲೆ, ಯಾರಿಗೂ ನೋವಿಲ್ಲೆ."

ಈಗ ಕೇಳುವವರು, ಛೆ ಅಜ್ಜ ಒಪ್ಪಬಾರದಿತ್ತು ಎನ್ನುತ್ತೀರಿ. ನಾನು ಹುಟ್ಟಿದ್ದು ಆ ಹಗ್ಗದ ಪಕ್ಕದಲ್ಲಿ. ನನ್ನ ಅಪ್ಪ ಬಲಗಡೆಯ ಸಾಲಿನ ಮೂರನೆಯವನು. ಅವನ ಜಾಗ ಖಾಲಿ ಇತ್ತು, ಏಕೆಂದರೆ ನಾನು ಮೇಲೆ ಹೋಗಿ ಪರದೆ ನೋಡುತ್ತ ಕುಳಿತಿದ್ದೆ. ಎಳೆಯಲು ಹೋಗದವನು ಇಷ್ಟಾದರೂ ಮಾಡಬೇಡವೇ ಎನಿಸಿತು. ಮತ್ತು ಮಾವ ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಚಳಿಗಾಲದಲ್ಲಿ ಹಕ್ಕಿ ಎಲ್ಲಿಗೂ ಹೊರಡುವುದಿಲ್ಲ. ತಿಂಗಳಿಗೊಮ್ಮೆ ಯಂತ್ರ ಪರೀಕ್ಷೆ ಮಾಡಲು ನನಗೆ ಅಧಿಕಾರವೂ ಇತ್ತು. ಮರುದಿನ ಬೆಳಿಗ್ಗೆ ಕೂಗಿಸಿದೆ. ದಾಖಲೆಯಲ್ಲಿ 'ಪರೀಕ್ಷೆ' ಎಂದು ಬರೆದೆ.

ಅಂದು ಬಲೆ ಎಳೆಯಲು ಮೂರು ತಾಸು ಹಿಡಿಯಿತು. ಅಷ್ಟು ಭಾರ. ಪಾಲು ಹಂಚುವಾಗ ಹೆಂಗಸರು ಬುಟ್ಟಿ ಸಾಲದೆ ಸೀರೆಯ ಸೆರಗಿಗೆ ಹಾಕಿಕೊಂಡರು. ಬೇರೆ ಕೆಲಸಕ್ಕೆ ಹೋಗಿದ್ದ ಹನ್ನೊಂದು ಮಂದಿ ಮರುವಾರ ವಾಪಸು ಬಂದು ಹಗ್ಗ ಹಿಡಿದರು.

ಆ ಚಳಿಗಾಲ ಹತ್ತೊಂಬತ್ತು ಸಲ ಕೂಗಿಸಿದೆ, ದಾಖಲೆಗೆ ಬರೆದದ್ದು ತಿಂಗಳಿಗೆ ಒಂದನ್ನು ಮಾತ್ರ. ಹದಿನೆಂಟು ಎಂದು ಹೇಳಲು ಹೊರಟಿದ್ದೆ, ಒಳಗಿನಿಂದ ಅನ್ವಿತಾ ಹತ್ತೊಂಬತ್ತು ಎನ್ನುತ್ತಿದ್ದಾಳೆ. ಅವಳೇ ಸರಿ. ಗಂಜಿ ನೋಡಿ ಎಣಿಸಿದವಳು.

ಅವಳಿಗೆ ಮೊದಲ ಸಲವೇ ಗೊತ್ತಾಗಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ, ಗಂಜಿ ನಡುಗುತ್ತಿದೆ. ಸಂಜೆ ಕೇಳಿದಳು, ಹೇಳಿದೆ. ಅಪ್ಪನ ಬಲೆಯಾದ್ದರಿಂದ ಸುಮ್ಮನಾದಳು. ಆದರೆ ಕೆಸರಿನಿಂದ ಬಂದಾಗಲೆಲ್ಲ ಹಕ್ಕಿಯ ಸುದ್ದಿ ತರುತ್ತಿದ್ದಳು. ಮೊದಲ ಸಲ ಎಲ್ಲ ಎದ್ದು ಕುದ್ರುವಿಗೆ ಹೋದವು, ಸಂಜೆವರೆಗೆ ಉಪವಾಸ. ಐದನೆಯ ಸಲ ಎದ್ದು ಒಂದು ಸುತ್ತು ಹೊಡೆದು ಅಲ್ಲೇ ಇಳಿದವು. ಹನ್ನೆರಡನೆಯ ಸಲ ತಲೆ ಎತ್ತಿ ನೋಡಿದವು, ಅಷ್ಟೇ. ಕೊನೆಕೊನೆಗೆ ಕೊಕ್ಕನ್ನು ಕೆಸರಿನಿಂದ ಹೊರಗೂ ತೆಗೆಯಲಿಲ್ಲ.

ನಾನದನ್ನು ಪರದೆಯಲ್ಲೂ ನೋಡಿದ್ದೆ. ನೋಡಿ ಏನು ಮಾಡಿದೆ ಗೊತ್ತೇ? ಸಂತೋಷಪಟ್ಟೆ. ಹಕ್ಕಿಗೆ ನಮ್ಮಿಂದ ತೊಂದರೆ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳಿತ್ತು, ಅದು ಹೋಯಿತು. ಅವಕ್ಕೆ ಅಭ್ಯಾಸವಾಯಿತು ಮಾರಾಯ್ತಿ, ಇನ್ನು ಉಪವಾಸ ಬೀಳುವುದಿಲ್ಲ ಎಂದು ಅನ್ವಿತಾಳಿಗೆ ಹೇಳಿದೆ. ಅವಳು ಚಿಪ್ಪು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹ್ವಾಯ್, ಅದ್ ಅಭ್ಯಾಸ ಅಲ್ಲ. ಅವ್ ನಿಮ್ಮನ್ನ ನಂಬುದ್ ಬಿಟ್ಟೊ."

ಹೆಂಗಸಿನ ಮಾತು ಎಂದು ನಕ್ಕೆ. ಈ ನಗುವನ್ನು ದಾಖಲೆಯಲ್ಲಿ ಯಾರೂ ಬರೆದಿಲ್ಲ. ನಾನು ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ಸ್ವಲ್ಪ ನೀರು ಕುಡಿದು ಬಂದೆ. ಎಲ್ಲಿದ್ದೆ? ಮೇ ತಿಂಗಳು.

ಮೇ ಹದಿಮೂರು. ಹಕ್ಕಿಗಳ ಎದೆಯಲ್ಲಿ ಚುಕ್ಕಿ ತುಂಬಿತ್ತು, ಮೈ ಉಂಡೆಯಾಗಿತ್ತು. ಹೊಟ್ಟೆ ಕುಗ್ಗಿಸಿಕೊಳ್ಳತೊಡಗಿವೆ, ಇನ್ನೆರಡು ದಿನದಲ್ಲಿ ಹೊರಡುತ್ತವೆ ಎಂದು ಮುಬೀನಾ ಮೇಡಂ ಹೇಳಿದ್ದರು. ಅದೇ ಬೆಳಿಗ್ಗೆ ನಮ್ಮ ವಾಯವ್ಯಕ್ಕೆ, ಅವು ಹಾರುವ ದಾರಿಯಲ್ಲೇ, ಗಾಳಿ ಕಟ್ಟತೊಡಗಿತು. ಹನ್ನೊಂದು ಗಂಟೆಗೆ ಗುಮ್ಮ ಹಾಕಿದೆವು. ಹಕ್ಕಿಗಳು ತಿನ್ನುತ್ತಲೇ ಇದ್ದವು. ಸದ್ದನ್ನು ಹೆಚ್ಚಿಸಿದೆವು. ಗೋಪುರದ ಗಾಜು ನಡುಗಿತು, ನನ್ನ ಎದೆಯಲ್ಲಿ ಯಾರೋ ಕೈಯಿಟ್ಟು ಒತ್ತಿದಂತಾಯಿತು. ಹಕ್ಕಿಗಳು ತಿನ್ನುತ್ತಲೇ ಇದ್ದವು. ಮೇಡಂ ತಂತಿಗಳನ್ನು ಒಂದೊಂದಾಗಿ ನೋಡಿದರು. ಯಂತ್ರ ಸರಿ ಇತ್ತು. ನಾನು ಹಿಂದೆ ನಿಂತಿದ್ದೆ.

ಸಂಜೆ ಆರೂ ಕಾಲಿಗೆ, ಅವು ಯಾವಾಗಲೂ ಹೊರಡುವ ಹೊತ್ತಿಗೆ, ಎದ್ದವು. ಸಾಲು ಕಟ್ಟಿಕೊಂಡು, ಒಂದಕ್ಕೊಂದು ಕರೆದುಕೊಳ್ಳುತ್ತ, ಗುಮ್ಮ ಕೂಗುತ್ತಿದ್ದ ಕಂಬಗಳ ಮೇಲೇ ಹಾದು ಹೋದವು. ರಾಡಾರಿನಲ್ಲಿ ಮಸುಕಾದ ಒಂದು ಗೆರೆಯಾಗಿ ಕಂಡವು. ಆಮೇಲೆ ಕಾಣಲಿಲ್ಲ.

ನಾಲ್ಕನೆಯ ದಿನ ಉತ್ತರದ ಮರಳುದಂಡೆಗಳಿಂದ ಚೀಲಗಳು ಬಂದವು. ಅಲ್ಲಿನ ಮೀನುಗಾರರೇ ಹೆಕ್ಕಿ ಕಳಿಸಿದ್ದರು. ನಾವಿಬ್ಬರೂ ಗೋಪುರದ ನೆಲದ ಮೇಲೆ ಹಳೆಯ ಹಾಯಿಬಟ್ಟೆ ಹಾಸಿ ಒಂದೊಂದನ್ನೇ ಇಟ್ಟೆವು. ಗುರುತಿಗೆಂದು ಮೊದಲೇ ಕಾಲಿಗೆ ಹಾಕಿದ್ದ ಉಂಗುರದ ಸಂಖ್ಯೆಯನ್ನು ನಾನು ಓದುವುದು, ಅವರು ಬರೆಯುವುದು. ನೂರ ಎಂಬತ್ತರವರೆಗೆ ಹೋಯಿತು. ಉಳಿದವು ಕಡಲಿನಲ್ಲೇ ಉಳಿದವು. ನೂರ ಎಂಬತ್ತನೆಯದನ್ನು ಬರೆದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಗುಮ್ಮನ ಮಾತು ಬಿಡಿ ಸುಜಿತ್. ನಡುದಾರಿಯಲ್ಲಿ ನಿಜವಾದ ಗಾಳಿಯ ಸದ್ದು ಕೇಳಿರಬೇಕಲ್ಲ. ಅದಕ್ಕಾದ್ರೂ ಹಿಂದೆ ತಿರುಗ್ಬೇಕಿತ್ತು. ಯಾಕೆ ತಿರುಗಲಿಲ್ಲ?"

ಆಗ ನನಗೆ ಪೂರ್ತಿ ತಿಳಿಯಿತು. ಗುಮ್ಮನ ಸದ್ದು ಬೇರೆ, ಗಾಳಿಯ ಸದ್ದು ಬೇರೆ ಅಲ್ಲ. ಎರಡೂ ಒಂದೇ. ನಾನು ಸುಳ್ಳಾಗಿಸಿದ್ದು ಯಂತ್ರದ ಮಾತನ್ನಲ್ಲ, ಬಿರುಗಾಳಿಯ ಮಾತನ್ನು. ಸಾವಿರಾರು ವರ್ಷದಿಂದ ಅವುಗಳ ಮೈಯಲ್ಲಿದ್ದ ಒಂದು ಭಯವನ್ನು ಹತ್ತೊಂಬತ್ತು ಬೆಳಿಗ್ಗೆಗಳಲ್ಲಿ ಉಜ್ಜಿ ಅಳಿಸಿದ್ದೆ.

ಹೇಳಿದೆ. ಮಾವನ ಹೆಸರು ಮೊದಲು ಬಿಟ್ಟೆ, ಆಮೇಲೆ ಅದನ್ನೂ ಹೇಳಿದೆ. ಮೇಡಂ ಬೈಯಲಿಲ್ಲ. ಎಷ್ಟು ಸಲ ಎಂದು ಕೇಳಿದರು. ಒಂದು ಹಾಳೆ ಕೊಟ್ಟು ಬರೆಯಲು ಹೇಳಿದರು. ನಾನು ಬರೆದ ಹಾಳೆ ಮೇಲಿನ ಕಚೇರಿಗೆ ಹೋಗುವಷ್ಟರಲ್ಲಿ ಯಂತ್ರದ ದೋಷ ಎಂಬ ವರದಿಗೆ ಸಹಿ ಬಿದ್ದಿತ್ತು. ಸಹಿ ಬಿದ್ದದ್ದನ್ನು ತಿದ್ದುವ ಅಭ್ಯಾಸ ಅವರಿಗೆ ಇರಲಿಲ್ಲ. ನನ್ನ ಹಾಳೆ ಯಾವ ಕಡತದಲ್ಲಿದೆಯೋ ದೇವರಿಗೇ ಗೊತ್ತು. ನೀವು ಓದಿ ಹೇಳುವುದು ಆ ಸಹಿ ಬಿದ್ದ ವರದಿಯನ್ನು.

ಮುನ್ನೂರ ಹನ್ನೆರಡರಲ್ಲಿ ನಲವತ್ತನಾಲ್ಕು ಉಳಿದಿದ್ದವು. ಹಿಂದಿನ ವರ್ಷ ಹುಟ್ಟಿದ ಮರಿಗಳು. ಬೂದಕ್ಕಿಯ ಮರಿ ಮೊದಲ ಬೇಸಗೆಯಲ್ಲಿ ಹೊರಡುವುದಿಲ್ಲ, ಇಲ್ಲೇ ಮಳೆಗಾಲ ಕಳೆಯುತ್ತದೆ. ಮುಂದಿನ ಮೇಯಲ್ಲಿ ಹೊರಡಲೇಬೇಕು. ಆದರೆ ಅವೂ ಆ ಹತ್ತೊಂಬತ್ತನ್ನು ಕೇಳಿದ್ದವು. ಒಂದು ವರ್ಷದೊಳಗೆ ಗಾಳಿ ಎಂದರೆ ಗಾಳಿಯೇ ಎಂದು ಅವಕ್ಕೆ ತಿಳಿಸಬೇಕಿತ್ತು. ಇಲ್ಲದಿದ್ದರೆ ಈ ಕರಾವಳಿಯ ಬೂದಕ್ಕಿ ಅಲ್ಲಿಗೆ ಮುಗಿಯಿತು.

ಗುಮ್ಮನನ್ನು ನಿಲ್ಲಿಸಿದೆವು, ಪರೀಕ್ಷೆಗೂ ಕೂಗಿಸಲಿಲ್ಲ. ಅದರ ಬದಲು ಗೋಪುರದಲ್ಲಿ ನಿಜವಾದ ಗಾಳಿಯ ತಗ್ಗು ಸದ್ದನ್ನು ಹಿಡಿಯುವ ಒಂದು ಪೆಟ್ಟಿಗೆ ಇತ್ತು, ಅದರ ಮುಳ್ಳನ್ನು ನೋಡುತ್ತ ಕುಳಿತೆವು. ಸದ್ದು ಬಂದಾಗ ಅದರ ಹಿಂದೆಯೇ ಹಕ್ಕಿಗೆ ಏನಾದರೂ ಆಗಬೇಕು, ಆಗ ಮಾತ್ರ ಸದ್ದಿಗೆ ಮತ್ತೆ ಅರ್ಥ ಬರುತ್ತದೆ ಎಂದರು ಮೇಡಂ. ಕೆಸರಿನಿಂದ ಎಬ್ಬಿಸಿ ಕುದ್ರುವಿಗೆ ಅಟ್ಟಬೇಕು. ಪಟಾಕಿ ಹೊಡೆದರೆ ಚೆಲ್ಲಾಪಿಲ್ಲಿಯಾಗಿ ಕಡಲಿಗೇ ಹಾರುತ್ತವೆ. ಡ್ರೋನ್ ಹಾರಿಸಿ ನೋಡಿದರು, ಹಕ್ಕಿ ಗಿಡುಗ ಎಂದುಕೊಂಡು ದಿಕ್ಕುಗೆಟ್ಟಿತು. ಮೆಲ್ಲಗೆ, ಒಂದೇ ದಿಕ್ಕಿಗೆ, ಬೆದರದ ಹಾಗೆ ಸರಿಸಬೇಕು.

ಇದನ್ನು ಮನೆಯಲ್ಲಿ ಊಟದ ಹೊತ್ತಿಗೆ ಹೇಳುತ್ತಿದ್ದೆ. ಮಾವ ಜಗಲಿಯಲ್ಲಿದ್ದರು. ಚೀಲಗಳು ಬಂದ ದಿನದಿಂದ ಅವರು ನನ್ನ ಜೊತೆ ಮಾತನಾಡಿರಲಿಲ್ಲ. ನಾನೂ ಆಡಿರಲಿಲ್ಲ. ಬಾಗಿಲಿಗೆ ಬಂದು ನಿಂತರು.

"ಅದ್ ನಮ್ಮ ಕೆಲ್ಸ ಅಲ್ದಾ. ಬಲೆ ಬ್ಯಾಡ, ಹಗ್ಗ ಸಾಕ್."

ಅಕ್ಟೋಬರ್ ಇಪ್ಪತ್ತರ ಮಧ್ಯಾಹ್ನ ಮುಳ್ಳು ಅಲುಗಿತು. ಅರ್ಧ ತಾಸಿನೊಳಗೆ ಎಂಬತ್ತು ಜನ ಕೆಸರಿಗೆ ಇಳಿದಿದ್ದರು. ರಂಪಣಿಯ ಹಗ್ಗ ಸೊಂಟದ ಎತ್ತರಕ್ಕೆ, ಎರಡು ತುದಿ ಮುಂದೆ, ನಡು ಹಿಂದೆ, ಬಿಲ್ಲಿನ ಹಾಗೆ. ಮೊಣಕಾಲು ಹೂಳುವ ಕೆಸರು, ಮೇಲೆ ಮಳೆಯ ಹನಿ. ಮಾವ ಬಲಗಡೆ, ಎಡಗಡೆ ಅನ್ವಿತಾ. ಹೆಂಗಸು ತುದಿ ಹಿಡಿದದ್ದು ಅದೇ ಮೊದಲು, ಆದರೆ ಕೆಸರಿನಲ್ಲಿ ಎಲ್ಲಿ ಕಾಲಿಡಬೇಕೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರಿದ್ದರು? ನಾನು ಅಪ್ಪನ ಜಾಗದಲ್ಲಿ ನಿಂತೆ. ಹಿಂದಿನಿಂದ ಒಬ್ಬ ಕೇಳಿದ: "ಗುರಿಕಾರ್ರೆ, ಹಕ್ಕಿ ಪಾಲ್ ಯಾರಿಗ್ ಎಷ್ಟ್?" ಮಾವ ತಿರುಗದೆ ಹೇಳಿದರು: "ಚಳಿ ಪಾಲ್ ಎಲ್ರಿಗೂ ಇತ್ತ್. ಹಗ್ಗ ಎತ್ತಿ ಹಿಡಿ."

ಹಕ್ಕಿಗಳು ನಮ್ಮನ್ನು ನೋಡಿ ನಡೆದವು. ಹಾರಲಿಲ್ಲ, ನಡೆದವು. ನಾವು ನಿಂತರೆ ನಿಂತವು. ಒಂದು ತಾಸು ಹಿಡಿಯಿತು. ಕಾಂಡ್ಲಾದ ಅಂಚಿಗೆ ಬಂದಾಗ ಎದ್ದು ಕುದ್ರುವಿನ ಕಡೆ ಹೋದವು. ಆರು ತಾಸಿನ ಮೇಲೆ ಗಾಳಿ ಬಂದು ಅವು ನಿಂತಿದ್ದ ಕೆಸರನ್ನು ಕಡಲಿನ ಅಡಿ ಮಾಡಿತು. ಆ ವರ್ಷ ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ನಾವು ಹಗ್ಗ ಬಿಡಿಸುತ್ತಿದ್ದ ಹಾಗೆಯೇ ಅರ್ಧ ಹಕ್ಕಿ ಎದ್ದು ಒಳಗೆ ಹೋದವು. ಎಲ್ಲರೂ ಹಿಗ್ಗಿದರು. ಮೇ ತಿಂಗಳಲ್ಲೂ ಹೀಗೇ ಅಟ್ಟಿ ಕೂರಿಸಿದರಾಯಿತು ಎಂದರು ಮಾವ. ಮೇಡಂ ಮಾತ್ರ ಹಿಗ್ಗಲಿಲ್ಲ.

"ಅವು ಸದ್ದು ಕಲಿತವೋ ಹಗ್ಗ ಕಲಿತವೋ ಗೊತ್ತಿಲ್ಲ ಗುರಿಕಾರ್ರೆ. ಕಡಲಿನ ಮೇಲೆ ಹಗ್ಗ ಹಿಡಿಯೋರು ಯಾರಿದ್ದಾರೆ? ಮೇಯಲ್ಲಿ ನಾವು ಯಾರೂ ಕೆಸರಿಗೆ ಇಳಿಯೋದು ಬೇಡ, ಸದ್ದು ಕೇಳಿ ಅವೇ ತಿಳ್ಕೊಳ್ಬೇಕು."

ಮಾವ ಕೈಯಲ್ಲಿದ್ದ ಹಗ್ಗ ಸುತ್ತಿಟ್ಟು, ಆಯ್ತು ಎಂದರು.

ಮೇ ಒಂಬತ್ತು. ಸಂಜೆ ನಾಲ್ಕಕ್ಕೆ ಮುಳ್ಳು ಅಲುಗಿತು. ಗಾಳಿ ಅದೇ ದಿಕ್ಕಿನಲ್ಲಿ, ಅದೇ ದಾರಿಯ ಮೇಲೆ. ಉಪಗ್ರಹವೂ ಅಂದು ತಡವಾಗಿ ಹೇಳಿತು, ಹಕ್ಕಿಗೂ ನಮಗೂ ಒಂದೇ ಹೊತ್ತಿಗೆ ಸುದ್ದಿ. ಊರಿನ ಗಂಡಸರು ಹೆಂಗಸರೆಲ್ಲ ಗಾಳಿಮರದ ಸಾಲಿನ ಹಿಂದೆ ಮರಳಿನ ಮೇಲೆ ಕುಳಿತೆವು. ಯಾರೂ ಬೀಡಿ ಹಚ್ಚಲಿಲ್ಲ. ಮುಂದೆ ನಲವತ್ತನಾಲ್ಕು ಹಕ್ಕಿ, ಎದೆಯಲ್ಲಿ ಮೊದಲ ಸಲ ಮೂಡಿದ ಚುಕ್ಕಿ. ಆಕಾಶ ತಿಳಿಯಾಗಿತ್ತು. ನನಗೆ ಎಷ್ಟು ಕಿವಿಗೊಟ್ಟರೂ ಅಲೆಯ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಅವಕ್ಕೆ ಕೇಳುತ್ತಿದೆಯೋ, ಕೇಳಿಯೂ ಇದು ಆ ಸುಜಿತನ ಸುಳ್ಳು ಎನ್ನುತ್ತಿವೆಯೋ.

ಆರೂ ಕಾಲಿಗೆ ಎದ್ದವು. ಕರೆದುಕೊಂಡವು. ಸಾಲು ಕಟ್ಟಿದವು. ಅಳಿವೆ ದಾಟಿ ಕಡಲಿನ ಮೇಲೆ ಹೋದವು. ಮಾವ ಮರಳಿನಲ್ಲಿ ಕೈಯೂರಿ ತಲೆ ತಗ್ಗಿಸಿದರು. ನನ್ನ ಕಣ್ಣಿಗೆ ಅವು ಕಾಣದಾದವು. ಅನ್ವಿತಾ ಎದ್ದು ನಿಂತು ನೋಡುತ್ತಲೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ನನ್ನ ಭುಜ ಹಿಡಿದಳು. ಅಲೆಯ ಮೇಲೆ ತೀರ ತಗ್ಗಿನಲ್ಲಿ ಒಂದು ಕಪ್ಪು ದಾರ ನಮ್ಮ ಕಡೆಗೇ ಬರುತ್ತಿತ್ತು. ನಮ್ಮ ತಲೆಯ ಮೇಲೆ ರೆಕ್ಕೆಯ ಸದ್ದು ಮಾಡುತ್ತ ಹಾದು, ಯಾರ ಹಗ್ಗವೂ ಇಲ್ಲದೆ, ಕಾಂಡ್ಲಾದ ಹಿಂದೆ ಇಳಿದವು.

ಮೂವತ್ತೊಂದು. ಹದಿಮೂರು ಹಿಂದಿರುಗಲಿಲ್ಲ. ಅವುಗಳ ಉಂಗುರ ಯಾವ ದಡದಲ್ಲೂ ಸಿಗಲಿಲ್ಲ. ಆ ಹದಿಮೂರನ್ನೂ ನನ್ನ ತಲೆಗೇ ಬರೆದುಕೊಂಡಿದ್ದೇನೆ.

ಮೂವತ್ತೊಂದು ಐದು ದಿನ ಕಾದು, ಮೈ ಸ್ವಲ್ಪ ಇಳಿಸಿಕೊಂಡೇ ಹೊರಟವು. ಅಕ್ಟೋಬರಿನಲ್ಲಿ ಇಪ್ಪತ್ತಾರು ಬಂದವು. ಹಿಂದಿನಿಂದ ಉಂಗುರವಿಲ್ಲದ ಒಂಬತ್ತು ಮರಿಗಳೂ ಬಂದವು. ಆ ಮರಿಗಳು ಗುಮ್ಮನನ್ನು ಕೇಳಿದವೇ ಅಲ್ಲ. ಈಗ ಕೆಸರಿನಲ್ಲಿ ನೀವು ಫೋಟೋ ಹೊಡೆಯುವ ಇನ್ನೂರು ಚಿಲ್ಲರೆ ಬೂದಕ್ಕಿ ಅವುಗಳ ಸಂತಾನ.

ರಂಪಣಿ ಮಾತ್ರ ಉಳಿಯಲಿಲ್ಲ. ಗುಮ್ಮನಿಲ್ಲದೆ ಬಂಗುಡೆ ದಡಕ್ಕೆ ಬರಲಿಲ್ಲ. ಹಗ್ಗಕ್ಕೆ ವಾಪಸು ಬಂದಿದ್ದವರು ಒಬ್ಬೊಬ್ಬರಾಗಿ ಹೋದರು. ಮೂರನೆಯ ವರ್ಷ ಮಾವ ಬಲೆಯನ್ನು ಕತ್ತರಿಸಿ ಮನೆಮನೆಗೆ ಒಂದು ತುಂಡು ಕೊಟ್ಟರು. ನಮ್ಮ ತುಂಡು ಬಸಳೆಯ ಚಪ್ಪರವಾಯಿತು. ಅವರು ಸಾಯುವವರೆಗೆ ಒಂದು ದಿನವೂ ಮತ್ತೆ ಗುಮ್ಮನನ್ನು ಕೂಗಿಸು ಎನ್ನಲಿಲ್ಲ. ಮನಸ್ಸಿನಲ್ಲಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ.

ಇಷ್ಟು ಹೇಳಲು ಕಾರಣವಿದೆ. ಹೋದ ತಿಂಗಳು ಕಡಲಿನಲ್ಲಿ ಹೊಸ ಕಂಬ ನೆಟ್ಟಿದ್ದಾರೆ. ಒಳ್ಳೆಯ ಯಂತ್ರ, ನಾನು ಬೇಡ ಎನ್ನುವುದಿಲ್ಲ. ಈಗಿನ ಗಾಳಿಗೆ ಅದು ಬೇಕೇ ಬೇಕು. ಆದರೆ ಗೋಪುರಕ್ಕೆ ಹೊಸದಾಗಿ ಬಂದಿರುವ ಹುಡುಗಿಯ ಹತ್ತಿರ, ಅಕ್ಕ ಬೆಳಿಗ್ಗೆ ಒಂದು ಗಳಿಗೆ ಹಾಕಿ ನೋಡಿ ಎಂದು ಯಾರೋ ಕೇಳಿದ್ದಾರಂತೆ. ಹಳೆಯ ಯಂತ್ರ ಕೆಟ್ಟಿತ್ತು, ಇದು ಕೆಡುವುದಿಲ್ಲ ಎಂದೂ ಹೇಳಿದ್ದಾರಂತೆ. ಅವಳ ನಂಬರು ನನ್ನ ಬಳಿ ಇಲ್ಲ. ಇದ್ದವರು ಈ ತುಂಡುಗಳನ್ನೆಲ್ಲ ಸಾಲಾಗಿ ಅವಳಿಗೆ ಕಳಿಸಿ. ಕೇಳಿಕೊಂಡು ಹೋದವರಿಗೂ ಕಳಿಸಿ, ಅವರು ನಮ್ಮ ಮನೆಗಳವರೇ, ಹೊಟ್ಟೆಪಾಡಿಗೆ ಕೇಳಿದವರು, ಬೈಯಬೇಡಿ. ಕಳಿಸುವಾಗ ಅಜ್ಜನಿಗೆ ಮುಜುಗರವಾದೀತೆಂದು ಹೆಸರು ಕತ್ತರಿಸಬೇಡಿ. ಗುಂಡಿ ಒತ್ತಿದವನು ಸುಜಿತ್ ಮೊಗವೀರ ಎಂದು ಅವಳು ನನ್ನ ದನಿಯಲ್ಲೇ ಕೇಳಲಿ.